ಭೂತಗಳಿವೆಯೇ ಎಂದು ನಾನು ಕೇಳದೆ ಹೋದದ್ದು

ತತ್ತ್ವನಿಷ್ಠರಿಗೂ ವಾರಕ್ಕೊಂದು ರಜೆ ಇರಬೇಕೆಂಬುದು ನನ್ನ ಈಗಿನ ಅಭಿಪ್ರಾಯ. ಆರು ದಿನ ಲೋಕವನ್ನು ತಿದ್ದಿದವನು ಏಳನೆಯ ದಿನವಾದರೂ ತತ್ತ್ವವನ್ನು ಅಂಗಿಯೊಡನೆ ಗೂಟಕ್ಕೆ ನೇತುಹಾಕಿ ಸುಮ್ಮನೆ ಕೂರುವುದನ್ನು ಕಲಿಯಬೇಕು. ನಾನು ಕಲಿಯಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳು ನಮ್ಮ ಮನೆಯಲ್ಲಿ ಇನ್ನೂ ಇವೆ. ಒಂದರಲ್ಲಿ ನನ್ನ ಹೆಂಡತಿ ಕಿತ್ತುಬಂದ ಗುಂಡಿಗಳನ್ನು ಹಾಕಿಡುತ್ತಾಳೆ. ಅವಕ್ಕೆ ಅದಕ್ಕಿಂತ ದೊಡ್ಡ ಉಪಯೋಗವಿದೆಯೆಂದು ನಂಬಿದ್ದೇ ನನ್ನ ತಪ್ಪು.

ಎಂಬತ್ತರ ದಶಕದ ಮಾತು. ನಾನಾಗ ತರೀಕೆರೆಯಲ್ಲಿ ಹೈಸ್ಕೂಲು ಮೇಷ್ಟ್ರು. ಬೀರೂರು ಸ್ಟೇಷನ್ನಿನಲ್ಲಿ ಟಿಕೆಟು ಕೊಡುತ್ತಿದ್ದ ನನ್ನ ಗೆಳೆಯ ಉಮಾಪತಿಗೆ, ಹಡಗಿನಲ್ಲಿ ಕೆಲಸಕ್ಕಿದ್ದ ಅವನ ಅಣ್ಣ ವಿದೇಶದಿಂದ ಒಂದು ಪೆಟ್ಟಿಗೆ ತಂದುಕೊಟ್ಟಿದ್ದ. ಅದರೊಳಗೆ ನಾವು ಕಂಡರಿಯದ ಆಕಾರದ ದಾಳಗಳೂ ಇಂಗ್ಲಿಷಿನಲ್ಲಿ ಬರೆದ ನಿಯಮಗಳ ಒಂದು ಪುಸ್ತಕವೂ ಇದ್ದವು. ಆಟವೆಂದರೆ ಇಷ್ಟೇ: ಉಮಾಪತಿ ಕಥೆ ಹೇಳುತ್ತಾನೆ, "ನಿಮ್ಮೆದುರಿಗೊಂದು ಪಾಳುಕೋಟೆ, ಎಡಕ್ಕೊಂದು ಬಾಗಿಲು, ಏನ್ಮಾಡ್ತೀರಿ?" ಎಂದು ನಿಲ್ಲಿಸುತ್ತಾನೆ. ನಾವು ಮೂವರೂ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಉತ್ತರಿಸಬೇಕು. ಮುಂದಿನ ಫಲಾಫಲವನ್ನು ದಾಳ ನಿರ್ಧರಿಸುತ್ತದೆ. ಉಮಾಪತಿಯ ಹೆಂಡತಿ ಸರ್ವಮಂಗಳಾ ಮಂತ್ರವಾದಿ. ನಾನು ರೇಂಜರ್. ಜೀಪಿನಲ್ಲಿ ಬಂದು ಸೌದೆ ಹಿಡಿಯುವ ನಮ್ಮ ಕಡೆಯ ರೇಂಜರ್ ಅಲ್ಲ. ಕಾಡಿನಲ್ಲೇ ಬೆಳೆದ, ಹೆಜ್ಜೆ ನೋಡಿ ಪ್ರಾಣಿಯನ್ನು ಹೇಳಬಲ್ಲ ಕಾವಲುಗಾರ. ಮೂರನೆಯವನು ಕಡೂರಿನ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದ ಬಸವರಾಜು.

ಬಸವರಾಜು ಅಂಗಡಿಯಲ್ಲಿ ಮಾತಾಡಿದ್ದನ್ನು ಕೇಳಿದವರು ಕಡಿಮೆ. "ಎಷ್ಟು ಮೀಟ್ರು?" ಎಂಬುದನ್ನೂ ಬಟ್ಟೆಗೇ ಹೇಳುವವನಂತೆ ತಲೆ ತಗ್ಗಿಸಿ ಕೇಳುತ್ತಿದ್ದ. ಅವನೇ ಭಾನುವಾರ ಮಧ್ಯಾಹ್ನ ಉಮಾಪತಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಸಿಡಿಲನಾಯಕನೆಂಬ ವೀರನ ಪಾತ್ರವಾಗಿ ಎದ್ದು ನಿಂತು, "ಹಿಂದಕ್ ಸರೀರಿ ಎಲ್ರೂ! ಮುಂದೆ ನಾನಿರ್ತೀನಿ!" ಎಂದು ಗರ್ಜಿಸಿದರೆ ಪಕ್ಕದ ಮನೆಯವರು ಜಗಳವೆಂದು ಓಡಿಬರುತ್ತಿದ್ದರು. ಒಂದು ವರ್ಷಕ್ಕೂ ಮಿಕ್ಕಿ ಅವನು ಹಾಗೆ ನಮ್ಮ ಮುಂದೆ ನಿಂತ. ಸಿಡಿಲನಾಯಕನ ವಿವರಗಳಿದ್ದ ಹಾಳೆಯನ್ನು ಅಂಗಡಿಯ ಹೊಸ ಅಂಗಿಯ ಡಬ್ಬದಲ್ಲಿಟ್ಟು ತರುತ್ತಿದ್ದ, ಮಡಿಕೆ ಬೀಳಬಾರದೆಂದು.

ಈಗ ನನ್ನ ವಿದ್ಯೆಯ ವಿಷಯ. ರೇಂಜರ್ ಆದವನು ನೆಲಕ್ಕೆ ಕಿವಿಯಿಟ್ಟು, ಒಂದು ಜಾತಿಯ ಜೀವಿಯನ್ನು ಹೆಸರಿಸಿ, ಅದು ಸುತ್ತ ಒಂದು ಮೈಲಿಯೊಳಗೆ ಇದೆಯೇ ಎಂದು ಕೇಳಬಹುದು. ಇದೆ ಅಥವಾ ಇಲ್ಲ ಎಂದು ಉಮಾಪತಿ ಸತ್ಯವನ್ನೇ ಹೇಳಬೇಕು. ಎಲ್ಲಿದೆ, ಎಷ್ಟಿದೆ ಎಂದು ಮಾತ್ರ ತಿಳಿಯದು. ರಾಕ್ಷಸರಿದ್ದಾರೆಯೇ, ಹಾರುವ ಹಾವುಗಳಿವೆಯೇ ಎಂದು ನಾನು ಧಾರಾಳವಾಗಿ ಕೇಳುತ್ತಿದ್ದೆ. ಆದರೆ ಪುಸ್ತಕದ ಪಟ್ಟಿಯಲ್ಲಿ ಇನ್ನೊಂದು ಜಾತಿಯಿತ್ತು: ಸತ್ತೂ ಎದ್ದು ಓಡಾಡುವವರು. ಅದನ್ನು ಕೇಳಲು ನನ್ನ ನಾಲಗೆ ಏಳುತ್ತಿರಲಿಲ್ಲ. ನಾವು ನಾಲ್ವರು ಉಪಾಧ್ಯಾಯರು ಆಗ ಮೂಢನಂಬಿಕೆಯ ವಿರುದ್ಧ ಊರೂರು ತಿರುಗುತ್ತಿದ್ದೆವು. ನಾನು ಹೇಳಹೊರಟ ಭಾನುವಾರದ ಹಿಂದಿನ ದಿನವಷ್ಟೇ ಅಜ್ಜಂಪುರದಲ್ಲಿ, ದೆವ್ವವೆಂಬುದು ಭಯದ ಇನ್ನೊಂದು ಹೆಸರು ಎಂದು ನಾನು ಒಂದೂವರೆ ಗಂಟೆ ಪ್ರತಿಪಾದಿಸಿದ್ದೆ. ಶನಿವಾರ ಇಲ್ಲವೆಂದವನು ಭಾನುವಾರ ನೆಲಕ್ಕೆ ಕಿವಿಯಿಟ್ಟು ಇದೆಯೇ ಎಂದು ವಿಚಾರಿಸುವುದೆ?

ಅಂದು ಆಟದಲ್ಲಿ ಪಾಳುಕೋಟೆಯ ನೆಲಮಾಳಿಗೆಯ ಬೀಗದ ಮುಂದೆ ನಾವು ನಿಂತಿದ್ದೆವು. ಸರ್ವಮಂಗಳಾ ಗೋಗರೆದರು: "ಮೇಷ್ಟ್ರೇ, ಒಂದೇ ಒಂದ್ಸಲ ಕೇಳ್ರಿ. ನನ್ ಹತ್ರ ಇರೋದು ಒಂದೇ ಬೆಂಕಿ ಮಂತ್ರ. ಹೆಣಗಳಿದ್ರೆ ಉಳಿಸ್ಕಂತೀನಿ. ಇಲ್ಲಾಂದ್ರೆ ಈ ಬೀಗಕ್ಕೇ ಹಾಕ್ತೀನಿ."

"ಅಸ್ತಿತ್ವವೇ ಇಲ್ಲದ ವಸ್ತುವಿನ ಬಗ್ಗೆ ಪ್ರಶ್ನೆ ಕೇಳುವುದೆಂದರೆ ಅದರ ಅಸ್ತಿತ್ವವನ್ನು ಅರ್ಧ ಒಪ್ಪಿಕೊಂಡಂತೆ" ಎಂದೆ.

"ಆಟದಾಗೆ ಮಂತ್ರ ಇದೆ, ಮಾತಾಡೋ ಮರ ಇದೆ, ಅದೆಲ್ಲ ಒಪ್ಪಿದ್ರಲ್ರೀ!"

"ಅವುಗಳಿಂದ ಸಮಾಜಕ್ಕೆ ಅಪಾಯವಿಲ್ಲ."

ಬಸವರಾಜು ನಡುವೆ ಬಂದ. "ಬಿಡಿ ಅಕ್ಕಾ, ಮೇಷ್ಟ್ರಿಗೆ ಮುಜುಗರ ಆಗುತ್ತೆ. ಏನೇ ಬಂದ್ರೂ ಮುಂದೆ ನಾನಿಲ್ವಾ?"

ಬೆಂಕಿ ಬೀಗಕ್ಕೆ ಹೋಯಿತು. ಒಳಗೆ ಕತ್ತಲಲ್ಲಿ ಹೆಣಗಳು ಒಂದೊಂದಾಗಿ ಎದ್ದು ಕೂತವು. "ನೀವ್ ಓಡ್ರಿ, ಬಾಗ್ಲು ನಾನ್ ಹಿಡ್ಕಂತೀನಿ!" ಎಂದು ಸಿಡಿಲನಾಯಕ ಕೂಗಿದ. ನಾವಿಬ್ಬರೂ ಓಡಿದೆವು. ಬಸವರಾಜು ದಾಳವನ್ನು ಅಂಗೈಯಲ್ಲಿ ಬಹಳ ಹೊತ್ತು ಕುಲುಕಿ ಎಸೆದ. ಉಮಾಪತಿ ದಾಳ ನೋಡಿದ, ಪುಸ್ತಕ ನೋಡಿದ, ಕೊನೆಗೆ "ಹೆಣಗಳ್ನೆಲ್ಲ ಕೆಡವಿ ನಾಯಕನೂ ಹೋದ ಕಣಪ್ಪಾ" ಎಂದ. ಹೊಸ ಪಾತ್ರ ಬರೆದುಕೊಡುತ್ತೇನೆಂದೂ ಹೇಳಿದ. ಬಸವರಾಜು ತಲೆಯಾಡಿಸಿ, ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, ಖಾಲಿ ಡಬ್ಬ ಹಿಡಿದು ಕಡೂರಿನ ಬಸ್ಸಿಗೆ ಹೋದ. ಮುಂದಿನ ಎರಡು ಭಾನುವಾರ ಬರಲಿಲ್ಲ.

ಕ್ಷಮೆ ಕೇಳಲೆಂದೇ ಕಡೂರಿನ ಅಂಗಡಿಗೆ ಹೋದೆ. ಕ್ಷಮಾಪಣೆಯನ್ನು ಬಸ್ಸಿನಲ್ಲಿ ಸಿದ್ಧಪಡಿಸಿಕೊಂಡಿದ್ದೆ, ಪೀಠಿಕೆಯೂ ಇತ್ತು. ಆದರೆ ಅವನೇ ಮೊದಲು, ಬಟ್ಟೆಯ ಕಡೆ ನೋಡುತ್ತ ಕೇಳಿಬಿಟ್ಟ: "ಸಾರ್, ಅವತ್ತು ನೀವು ಕೇಳಿದ್ದಿದ್ರೆ ನಾಯಕ ಉಳೀತಿದ್ನಾ?"

ಹೌದು ಎಂದಿದ್ದರೆ ಸಾಕಿತ್ತು. ನನ್ನ ದುರದೃಷ್ಟ, ಅವನ ಮಾತು ನನಗೆ ಚರ್ಚೆಯ ವಿಷಯದಂತೆ ಕೇಳಿಸಿತು. ಆ ವಿದ್ಯೆಯಿಂದ ಸ್ಥಳ ತಿಳಿಯದು, ಸಂಖ್ಯೆ ತಿಳಿಯದು, ಆದ್ದರಿಂದ ಉತ್ತರ ದೊರೆತಿದ್ದರೂ ಫಲಿತಾಂಶ ಬದಲಾಗುತ್ತಿತ್ತೆಂದು ಸಾಧಿಸಲು ಆಧಾರವಿಲ್ಲವೆಂದು ಸವಿಸ್ತಾರವಾಗಿ ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡ. "ಸರಿ ಸಾರ್. ಎಷ್ಟು ಮೀಟ್ರು ಕೊಡ್ಲಿ?" ಎಂದ. ನನಗೆ ಬೇಕಿಲ್ಲದ ಶರ್ಟು ಬಟ್ಟೆಯನ್ನು ಎರಡೂವರೆ ಮೀಟರು ಕೊಂಡು ಬಂದೆ.

ಆ ಭಾನುವಾರವೂ ಬಸವರಾಜು ಬರಲಿಲ್ಲ. ಬೀರೂರಿನಲ್ಲಿ, ಯಾರೂ ಕೇಳುವ ಮೊದಲೇ, ಉಮಾಪತಿಯ ಮನೆಯ ಸಿಮೆಂಟು ನೆಲಕ್ಕೆ ನಿಜವಾಗಿಯೇ ಕಿವಿಯಿಟ್ಟು, "ಸತ್ತೂ ಓಡಾಡುವವರು ಇದ್ದಾರೆಯೇ?" ಎಂದೆ.

"ಇಲ್ಲ" ಎಂದ ಉಮಾಪತಿ.

"ಸಿಡಿಲನಾಯಕ ಅಲ್ಲೇ ಬಾಗಿಲಲ್ಲಿ ಬಿದ್ದಿದ್ದಾನಲ್ಲಪ್ಪ?"

"ಅವ್ನು ಬರೀ ಸತ್ತೋನು ಕಣ್ರೀ ಮೇಷ್ಟ್ರೇ. ಏಳಲ್ಲ."

ಆಮೇಲೆ ಸರ್ವಮಂಗಳಾ ದಾಳಗಳನ್ನು ನನ್ನ ಕಡೆ ಸರಿಸಿ, "ಹೊರಡಾಣ. ಈಗ ಮುಂದೆ ಯಾರ್ ನಿಲ್ತೀರಿ?" ಎಂದು ಕೇಳಿದರು. ಅವರ ಮಂತ್ರವಾದಿಯ ಕೈಯಲ್ಲಿ ಒಂದು ದೊಣ್ಣೆಯೂ ಇರಲಿಲ್ಲ. ನಾನು ಕೂತಲ್ಲೇ ನೆಟ್ಟಗಾಗಿ, ರೇಂಜರ್ ಆದವನ ಸ್ವಧರ್ಮ ಹಿಂದಿನಿಂದ ಕಾಯುವುದೇ ಹೊರತು ಮುಂದೆ ನಿಲ್ಲುವುದಲ್ಲ ಎಂಬುದನ್ನು ಪುಸ್ತಕದ ಆಧಾರಸಹಿತ ನಿರೂಪಿಸತೊಡಗಿದೆ. ನಾನು ಉಪಸಂಹಾರಕ್ಕೆ ಬರುವಷ್ಟರಲ್ಲಿ ತರೀಕೆರೆಯ ರೈಲು ಬಂತು.