ಎರಡು ಕೈಗೆ ಎರಡು ಚಕ್ರ

ಹಳಿಯಾಳದ ವ್ಯಾಪಾರಿ ಶಿವಲಿಂಗಪ್ಪನವರ ವಿಲಾಯತಿ ಕಾರಿನ ಎಂಜಿನ್ನಿನಲ್ಲಿ ಅಕ್ಕಪಕ್ಕ ವಿರಾಜಮಾನರಾಗಿರುವ, ಹಲ್ಲುಳ್ಳವರೂ ಹಟವುಳ್ಳವರೂ ಆದ ಕ್ಯಾಮ್‌ಶಾಫ್ಟ್ ಚಕ್ರಗಳಿಬ್ಬರ ಸನ್ನಿಧಿಗೆ, ದಾಂಡೇಲಿಯ ಅಂಬೇವಾಡಿಯಲ್ಲಿ ಹಗಲು ಮೆಕ್ಯಾನಿಕನೂ ರಾತ್ರಿ ರಂಗದ ಮೇಲೆ ಭೀಮನೂ ಆಗಿದ್ದ ಅಡಿವೆಯ್ಯನು ಮೊಣಕಾಲೂರಿ ಮಾಡುವ ವಿಜ್ಞಾಪನೆ.

ಮಾನ್ಯರೇ,

ಮೊದಲು ತಮ್ಮ ಬಲವನ್ನು ಕೊಂಡಾಡುತ್ತೇನೆ. ಒಂದು ರಬ್ಬರ್ ಬೆಲ್ಟಿನ ಅಂಕೆಯಲ್ಲಿ ಸಾಧುಗಳಂತೆ ತಿರುಗುವ ತಾವು, ಅದನ್ನು ಬಿಚ್ಚಿದೊಡನೆ ಒಳಗಿನ ಸ್ಪ್ರಿಂಗುಗಳ ಒತ್ತಡಕ್ಕೆ ಗೂಳಿಗಳಂತೆ ಹೊರಳುತ್ತೀರೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ತಮ್ಮಿಬ್ಬರ ನಡುವೆ ಸಿಕ್ಕಿಸಿ ತಮ್ಮನ್ನು ಅಲುಗದಂತೆ ಹಿಡಿಯುವ ಕಬ್ಬಿಣದ ಪಟ್ಟಿಯನ್ನು ಶಿವಲಿಂಗಪ್ಪನವರೇ ನನ್ನ ಕೈಗಿಟ್ಟು, "ಮೊದ್ಲ ಇದನ್ನ ಹಾಕ್ರಿ, ಆಮ್ಯಾಲ ಬೆಲ್ಟ್ ಬಿಚ್ರಿ" ಎಂದಿದ್ದರು. ನಾನು ನನ್ನ ತೋಳುಗಳನ್ನು ನೋಡಿಕೊಂಡೆ. ಭೀಮನಿಗೆ ಊರುಗೋಲೇ ಎಂದು ನಕ್ಕು, ಆ ಪಟ್ಟಿಯನ್ನು ಅರಮನೆಯ ಪರದೆ ಜೋತು ಬೀಳದಿರಲೆಂದು ನಾಟಕದ ಸಾಮಾನಿನ ಜೊತೆ ಹಳಿಯಾಳಕ್ಕೆ ಕಳಿಸಿಬಿಟ್ಟೆ. ಸಂಜೆ ಅಲ್ಲಿಯ ಆಟಕ್ಕೆ ಇದೇ ಕಾರಿನಲ್ಲಿ ಹೋಗಿ ಜನರೆದುರು ಇಳಿಯಬೇಕೆಂಬುದು ನನ್ನ ಆಸೆಯಾಗಿತ್ತು. ಪರದೆಯೇನೋ ಜೋತು ಬೀಳಲಿಲ್ಲವಂತೆ.

ಬೆಲ್ಟು ಬಿಚ್ಚಿದೆ, ಎಡಗೈಗೊಬ್ಬರು ಬಲಗೈಗೊಬ್ಬರು ಸಿಕ್ಕಿರಿ. ಹೊಸ ಬೆಲ್ಟು ಎದುರಿನ ಮೊಳೆಯಲ್ಲಿ ನೇತಾಡುತ್ತಿತ್ತು. ಬಿಟ್ಟರೆ ತಾವು ಹೊರಳಿ ಒಳಗಿನ ವಾಲ್ವುಗಳನ್ನು ಬಗ್ಗಿಸುತ್ತೀರಿ, ಬಿಡದಿದ್ದರೆ ಹಳಿಯಾಳದಲ್ಲಿ ನನ್ನ ಭೀಮನಿಲ್ಲ. ಪರದೆ ಎಳೆಯುವ ಕಾಯತಾನ ಬೆಲ್ಟು ಹಾಕಲು ಬಂದನಾದರೂ ನನ್ನ ಹೊಟ್ಟೆಯನ್ನು ದಾಟಿ ಅವನ ಕೈ ತಮ್ಮನ್ನು ಮುಟ್ಟಲಿಲ್ಲ. ನಾಟಕ ಕಂಪನಿಯ ಒಡತಿ ಗುರುಸಿದ್ದವ್ವ ಬಾಗಿಲಲ್ಲಿ ನಿಂತು, "ಭೀಮಸೇನ್ರ, ಬಸ್ ಬಂತು. ಬರ್ತೀರೋ, ಇಲ್ಲಾ ಹಿಂಗ ಎಮ್ಮಿ ಹಿಂಡ್ಕೋತ ನಿಂದರ್ತೀರೋ?" ಎಂದಳು. ನನ್ನ ಗದೆಯನ್ನು ಕಾಯತಾನನ ಹೆಗಲಿಗೇರಿಸಿ, ಅವನನ್ನೂ ಕರೆದುಕೊಂಡು ಬಸ್ಸು ಹತ್ತಿದಳು.

ಹಳಿಯಾಳದಲ್ಲಿ ನಾಂದಿ ಹಾಡುವ ಹೊತ್ತಾದಾಗ ನನಗೆ ತಡೆಯಲಾಗಲಿಲ್ಲ. ಭೀಮನ ಪ್ರತಿಜ್ಞೆಯನ್ನು ಖಾಲಿ ಶೆಡ್ಡಿನಲ್ಲಿ ತಮಗೇ ಒಪ್ಪಿಸತೊಡಗಿದೆ. ಕೆಮ್ಮದೆ, ಬೀಡಿ ಹಚ್ಚದೆ, ಅಲುಗದೆ ಕೇಳಿದ ಸಭಿಕರು ನನ್ನ ಜನ್ಮದಲ್ಲಿ ತಾವಿಬ್ಬರೇ. ಆದರೆ "ಎಲವೋ ದುರ್ಯೋಧನಾ, ನಿನ್ನ ತೊಡೆಯನ್ನು" ಎಂಬಲ್ಲಿ ಬಲಗೈ ಮೇಲೆತ್ತುವುದು ನನ್ನ ಹಳೆಯ ರೂಢಿ. ಎತ್ತಿದೆ. ಒಳಗೆ ಕಟಕ್ಕೆಂದಿತು. ಮುರಿದದ್ದು ದುರ್ಯೋಧನನ ತೊಡೆಯಲ್ಲ.

ಆದುದರಿಂದ ಇನ್ನು ಮುಂದೆ ತಾವು ಸ್ಪ್ರಿಂಗುಗಳ ಚಾಡಿಮಾತು ಕೇಳದೆ ಸ್ವಂತ ವಿವೇಕದಿಂದ ನಿಲ್ಲಬೇಕೆಂದೂ, ಬಾಗಿದ ವಾಲ್ವುಗಳು ಶಿವಲಿಂಗಪ್ಪನವರು ಬರುವುದರೊಳಗೆ ತಾವಾಗಿಯೇ ಮೈಮುರಿದು ನೆಟ್ಟಗಾಗುವಂತೆ ಅಪ್ಪಣೆ ಕೊಡಿಸಬೇಕೆಂದೂ, ಬೆಲ್ಟು ಬಿಚ್ಚಲು ಬಂದವನು ನಟನೆಂದು ಕಂಡರೆ ಬಾನೆಟ್ಟನ್ನೇ ತೆರೆಯಗೊಡಬಾರದೆಂದೂ ಬೇಡಿಕೊಳ್ಳುತ್ತೇನೆ.

ಈಗ ಎರಡೂ ಕೈ ಖಾಲಿಯಿರುವ
ತಮ್ಮ ವಿಶ್ವಾಸಿ,
ಅಡಿವೆಯ್ಯ

ತಾ.ಕ.: ಕಾಯತಾನನ ಭೀಮನಿಗೆ ಹಳಿಯಾಳದವರು ಒನ್ಸ್‌ಮೋರ್ ಕೊಟ್ಟರಂತೆ; ಮುಂಡಗೋಡದ ಆಟಕ್ಕೂ ಅವನೇ. ನನಗೂ ಕೆಲಸವುಂಟು: ಅರಮನೆಯ ಕಂಬವೊಂದು ಅಲುಗುತ್ತದೆ, ಹಿಂದೆ ನಿಂತು ಹಿಡಿಯಬೇಕು. "ಹಿಡ್ಕೊಂಡು ನಿಂದ್ರೂದು ನಿಮಗ ರೂಢಿ ಆಗೇತಿ," ಎಂದಳು ಗುರುಸಿದ್ದವ್ವ. "ಬಾಯಿ ಮಾತ್ರ ತೆಗೀಬ್ಯಾಡ್ರಿ. ಮಾತು ಬಂತಂದ್ರ ಕೈ ಎತ್ತತೀರಿ."