ಧನಾಜಿಯ ಪುಲ್ಲರ್

ಮೆಕ್ಯಾನಿಕ್ ಧನಾಜಿ ಬೇರಿಂಗ್ ಕೀಳುವ ಹೊಸ ಪುಲ್ಲರ್ ಕೊಂಡು ತಂದದ್ದಕ್ಕಿಂತ, ಅದರ ಸುದ್ದಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಸಾರಿದ್ದೇ ತಪ್ಪಾಯಿತು.

"ಇನ್ನ ಮ್ಯಾಲೆ ಬೇರಿಂಗಿನ ಸಲುವಾಗಿ ಉಮದಿಯಿಂದ ಯಾರೂ ವಿಜಾಪುರಕ್ಕ ಹೋಗೂದಿಲ್ಲ!"

ಮರುದಿನವೇ ಮಲಕಾಜಪ್ಪನ ಜೀಪು ಹಿಂದಿನ ಗಾಲಿಯಲ್ಲಿ ಗುಂಯ್‌ಗುಡುತ್ತ ಗ್ಯಾರೇಜಿಗೆ ಬಂತು.

"ಸಂಜಿಗೆ ಬೀಗರನ್ನ ಗುಡ್ಡಾಪುರಕ್ಕ ಕರ್ಕೊಂಡು ಹೋಗಬೇಕೋ. ನನ್ನ ಮರ್ಯಾದಿ ನಿನ್ನ ಕೈಯಾಗೈತಿ."

ಧನಾಜಿ ಆಕ್ಸಲ್ ಹೊರಗೆಳೆದ. ಅರ್ಧ ಓಣಿ ಸುತ್ತ ನೆರೆಯಿತು.

"ಸುತ್ತಿಗಿಲೆ ನಾಕು ಕೊಡು, ಬರ್ತೈತಿ," ಎಂದ ಎದುರಿನ ಪಂಕ್ಚರ್ ಅಂಗಡಿಯ ಶಿದ್ರಾಯ.

"ನಿನ್ನ ಹಲ್ಲು ಹಂಗ ಕೀಳಸ್ತಿ ಏನು?" ಎಂದ ಧನಾಜಿ.

ಪುಲ್ಲರ್ ಏಡಿಯಂತೆ ಬೇರಿಂಗನ್ನು ಕಚ್ಚಿತು. ಧನಾಜಿ ತಿರುಪು ತಿರುಗಿಸಿದ. ಕತ್ತಿನ ನರಗಳು ಬಾವಿಯ ಹಗ್ಗದಂತೆ ಬಿಗಿದವು. ಟಣ್! ಬೇರಿಂಗ್ ಕಳಚಿತು. ಅದರ ಹಿಂದೆ, ಬೋಲ್ಟು ಹಾಕಿ ಆಕ್ಸಲನ್ನು ಹಿಡಿದಿಡುವ ನಾಲ್ಕು ತೂತಿನ ತಟ್ಟೆಯೂ ಜಾರಿ ಬಂತು. ಜೀಪಿನಲ್ಲೇ ಬಂದಿದ್ದ ಬೀಗರು ಚಪ್ಪಾಳೆ ತಟ್ಟಿದರು.

"ನಿಂದರ್ರಿ!" ಹೆಂಡತಿ ಶೇವಂತಾ ಒಳಗಿನಿಂದ ಓಡಿಬಂದಳು. "ಹೊಸಾ ಹತಾರ! ಪೂಜಿ ಇಲ್ದನ ಕೆಲಸಕ್ಕ ಹಚ್ಚೀರಲ್ಲ!"

ಪುಲ್ಲರಿಗೆ ಅರಿಶಿನ, ಕುಂಕುಮ ಬಿತ್ತು. ತೆಂಗಿನಕಾಯಿ ಉರುಳದಂತೆ ಕೈಗೆ ಸಿಕ್ಕಿದ್ದರ ಮೇಲೆ ಕೂರಿಸಿ ಅವಳು ಕೈಮುಗಿದಳು. ಮಲಕಾಜಪ್ಪ ಧನಾಜಿಯ ಹೆಗಲಿಗೆ ಟಾವೆಲ್ ಹೊದಿಸಿ ಸತ್ಕಾರ ಮಾಡಿದ.

ಟಾವೆಲ್ ಹೊದ್ದುಕೊಂಡೇ ಧನಾಜಿ ಗ್ಯಾರೇಜಿನಲ್ಲಿದ್ದ ಒಂದೇ ಒಂದು ಹೊಸ ಬೇರಿಂಗನ್ನು ಪೈಪು ಇಟ್ಟು ಬಡಿದು ಆಕ್ಸಲಿಗೆ ಕೂರಿಸಿದ. ಆಕ್ಸಲನ್ನು ಜೀಪಿಗೆ ತೂರಿಸಿದ. ನಾಲ್ಕು ಬೋಲ್ಟು ಕೈಯಲ್ಲಿ ಉಳಿದವು. ಬಿಗಿಯಲು ಏನೂ ಇರಲಿಲ್ಲ.

"ತಟ್ಟಿ ಎಲ್ಲಿ?"

ಎಲ್ಲರೂ ತಿರುಗಿ ನೋಡಿದರು. ತೆಂಗಿನಕಾಯಿ ತಟ್ಟೆಯ ಮೇಲೆ ಮದುಮಗನ ಹಾಗೆ ಕುಳಿತಿತ್ತು.

"ದೇವರ ಕಾಯಿಗೆ ನೆಲಾ ತಾಗಬಾರದ್ರಿ," ಎಂದಳು ಶೇವಂತಾ, ಸಣ್ಣ ದನಿಯಲ್ಲಿ.

ತಟ್ಟೆಯಿಲ್ಲದೆ ಆಕ್ಸಲ್ ನಿಲ್ಲದು. ಬೇರಿಂಗ್ ತೆಗೆಯದೆ ತಟ್ಟೆ ಒಳಗೆ ಹೋಗದು.

"ಚಿಂತಿ ಯಾಕ? ಪುಲ್ಲರ್ ಐತೆಲ್ಲ!" ಎಂದ ಶಿದ್ರಾಯ.

ಆಕ್ಸಲ್ ಮತ್ತೆ ಹೊರಗೆ ಬಂತು. ಕುಂಕುಮ ಮೆತ್ತಿದ ಪುಲ್ಲರ್ ಮತ್ತೆ ಕಚ್ಚಿತು. ಟಣ್! ಈ ಸಲ ಚಪ್ಪಾಳೆ ಇನ್ನೂ ಜೋರು. ಆದರೆ ಹೊಸ ಬೇರಿಂಗ್ ಒಡೆದು, ಅದರ ಗುಂಡುಗಳು ಬೂಂದಿಕಾಳಿನಂತೆ ಅಂಗಳದ ತುಂಬ ಹರಡಿದವು.

ಸಂಜೆ ವಿಜಾಪುರದ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ, "ಏನ್ ಧನಾಜಿ, ನೀನೂ ಬೇರಿಂಗಿನ ಸಲುವಾಗಿ ಹೊಂಟಿ?"

ಧನಾಜಿ ಟಾವೆಲ್ ಸರಿಮಾಡಿಕೊಂಡ. "ನಮ್ಮ ಪುಲ್ಲರ್ ಅಂದ್ರ ಏನಂತ ತಿಳಿದೀರಿ? ಒಂದ ದಿನದಾಗ ಎರಡು ಕಿತ್ತೈತ್ರಿ!"

ಹಿಂದಿನ ಸೀಟಿನಲ್ಲಿ ಮಲಕಾಜಪ್ಪ ಆಕ್ಸಲನ್ನು ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದ. "ನನಗೂ ಒಂದು ವಿಜಾಪುರ ಕೊಡ್ರಿ," ಎಂದ. "ಬೇರಿಂಗ್ ಅಲ್ಲೇ ಕೂಡಿಸಿಕೊಂಡು ಬರ್ತೀನಿ."