ಸೂಜಿಗೆ ನೂಲು ಪೋಣಿಸುವಷ್ಟರಲ್ಲಿ

"ಎಲ್ಲರ ಮನೇಲೂ ಮದುವೆ ಆದ್ಮೇಲೆ ಹೆಂಡತಿ ಬಾಯಿ ಮುಚ್ಚಿಸ್ತಾರೆ ನರ್ಸಮ್ಮ. ನಮ್ಮ ಯಜಮಾನ್ರು ಮೊದಲು ಬಾಯಿ ಮುಚ್ಚಿಸಿದ್ರು, ಆಮೇಲೆ ಮದುವೆ ಆದ್ರು. ಸುಳ್ಳಲ್ಲ, ಊರೆಲ್ಲ ಟೀವಿಲಿ ನೋಡಿದೆ. ನಂಗಾಗ ಇಪ್ಪತ್ನಾಲ್ಕು. ಹೊಲಿಗೆ ಅಂಗಡೀಲಿ ಗುಂಡಿಗೆ ಕಾಜಾ ಹಾಕ್ತಿದ್ದೆ. ಅಲ್ಲಿ ಎರಡು ಮಿಷನ್ನು. ಒಂದು ಕಾಲಲ್ಲಿ ತುಳಿಯೋದು, ಮುದುಕಿ. ಇನ್ನೊಂದು ಮೋಟರಿಂದು, ಹೊಸಬಳು. ಎರಡೂ ಒಟ್ಟಿಗೆ ಓಡಿದ್ರೆ ಥೇಟ್ ಅತ್ತೆ ಸೊಸೆ ಜಗಳ. ಆ ಜಗಳಾನ ನಾನು ಬಾಯಲ್ಲೇ ಮಾಡಿ ತೋರಿಸ್ತಿದ್ದೆ. ಕಟಿಂಗ್ ಮಾಸ್ಟರು ನಕ್ಕು ನಕ್ಕು ಒಂದ್ಸಲ ಯಾರದೋ ಪ್ಯಾಂಟಿಗೆ ಮೂರು ಕಾಲು ಕತ್ತರಿಸಿಬಿಟ್ರು. ಅವರೇ ನನ್ನ ಟೀವಿಗೆ ಕಳಿಸಿದ್ದು. ಹೋದೆ. ಮುಖದ ಮೇಲೆ ಲೈಟು ಬಿತ್ತು. ನನ್ನ ಐಟಂ ಶುರು ಆಗೋದೇ ಸೂಜಿಗೆ ನೂಲು ಪೋಣಿಸೋದ್ರಿಂದ. ಸದ್ದಿಲ್ಲ, ಮಾತಿಲ್ಲ. ಕಣ್ಣು ಕಿರಿದು ಮಾಡಿ, ನೂಲಿನ ತುದಿ ನಾಲಿಗೇಲಿ ಒದ್ದೆ ಮಾಡಿ, ಕೈ ನಡುಗಿಸ್ತಾ, ಹಿಂಗೆ… ಇನ್ನೇನು ಸೂಜಿ ಕಣ್ಣೊಳಗೆ ಹೋಗ್ಬೇಕು, ಢಣ್! ಹನ್ನೊಂದೇ ಸೆಕೆಂಡು. ಮಿಷನ್ನು ಓಡಲೇ ಇಲ್ಲ. ಮೂವತ್ನಾಲ್ಕು ವರ್ಷ ಆಯ್ತು, ಆ ನೂಲು ಇನ್ನೂ ಅಲ್ಲೇ ನಿಂತಿದೆ."

ಇಷ್ಟನ್ನೂ ಢಣ್ಣಕ್ಕ ಮೆಟ್ಟಿಲ ಮೇಲೆ ಕೂತು ಮೇಲ್ಮನೆಯ ನರ್ಸಮ್ಮನಿಗೆ ಹೇಳುತ್ತಿದ್ದಳು. ಡ್ಯೂಟಿ ಮುಗಿಸಿ ಬಂದ ನರ್ಸಮ್ಮ ಒಂದು ಕಾಲಿನ ಚಪ್ಪಲಿ ಬಿಚ್ಚಿ, ಇನ್ನೊಂದು ಬಿಚ್ಚಲು ಮರೆತು ಕೇಳುತ್ತಿದ್ದಳು. (ಕೇಳುತ್ತಿದ್ದುದು ಒಂಬತ್ತನೆಯ ಸಲ. ರೋಗಿಗಳ ನಡುವೆ ಇದ್ದವರಿಗೆ ತಾಳ್ಮೆ ಹೆಚ್ಚು.)

ಢಣ್ಣಕ್ಕ ಎಂಬುದು ಅವಳಿಗೆ ಯಾರೂ ಇಟ್ಟ ಹೆಸರಲ್ಲ, ಗಂಡನ ಕಡೆಯಿಂದ ಬಂದದ್ದು. ಆ ಕಾಲದಲ್ಲಿ 'ನಗಿಸು, ಇಲ್ಲ ನಡಿ' ಎಂಬ ಕಾರ್ಯಕ್ರಮ ಟೀವಿಯಲ್ಲಿ ಬರುತ್ತಿತ್ತು. ಯಾರು ಬೇಕಾದರೂ ವೇದಿಕೆ ಹತ್ತಬಹುದು, ಮೂರು ನಿಮಿಷ ಜನರನ್ನು ನಗಿಸಬೇಕು. ನಗು ಬರಲಿಲ್ಲವೋ, ಪಕ್ಕದಲ್ಲಿ ಗಾಡಿಯ ಚಕ್ರದಷ್ಟು ದೊಡ್ಡ ಜಾಗಟೆಯ ಎದುರು ನಿಂತ ಆಸಾಮಿ ಢಣ್ ಎಂದು ಬಾರಿಸುತ್ತಾನೆ. ಬಾರಿಸಿದ ಮೇಲೆ ರಾಜನಾದರೂ ಇಳಿಯಬೇಕು. ಆ ಆಸಾಮಿಯೇ ಅವಳ ಯಜಮಾನರು, ಜಗತ್ಪ್ರಸಿದ್ಧ ಢಣ್ಣಣ್ಣ. ಬಾರಿಸಿದ ವಾರವೇ ಅವರು ಹೊಲಿಗೆ ಅಂಗಡಿಗೆ ಬಂದು ಅಂಗಿಯ ಗುಂಡಿ ಹಾಕಿಸಿಕೊಂಡರು. ಮರುವಾರ ಇನ್ನೊಂದು ಗುಂಡಿ. ಅದರ ಮರುವಾರ ಮತ್ತೊಂದು. ತನ್ನ ಗುಂಡಿಯನ್ನು ತಾನೇ ಕಿತ್ತುಕೊಂಡು ಬರುವ ಗಂಡಸು ಎಂಥವನು ಎಂದು ಆಗಲೇ ತಿಳಿಯಬೇಕಿತ್ತು. ಅವಳು ಅದನ್ನು ಪ್ರೀತಿ ಅಂದುಕೊಂಡಳು.

ಕಾರ್ಯಕ್ರಮ ನಿಂತುಹೋಯಿತು. ಜಾಗಟೆ ಮನೆಗೆ ಬಂತು. ಹಜಾರದಲ್ಲಿ ಟೀವಿಗೂ ಚಪ್ಪಲಿಗೂಡಿಗೂ ನಡುವೆ ಅದಕ್ಕೆ ಸಿಂಹಾಸನ. ಆದರೆ ಯಜಮಾನರ ಕೈ ನಿಲ್ಲಲಿಲ್ಲ. ಹೆಂಡತಿಯ ಮಾತು ಸ್ವಲ್ಪ ಉದ್ದವಾಯಿತೆಂದರೆ ಸೌಟು, ಚಮಚ, ಬೀಗದ ಕೈ, ಸಿಕ್ಕಿದ್ದರಲ್ಲಿ ಸಿಕ್ಕಿದ್ದಕ್ಕೆ ಢಣ್. ಒಮ್ಮೆ ಡಾಕ್ಟರ ಮುಂದೆ ಕೂತು ಅವಳು "ಎಡಗಡೆ ತುಂಬಾ ನೋವು ಡಾಕ್ಟ್ರೇ, ಅದೂ ಏನಾಗುತ್ತೆ ಅಂದ್ರೆ…" ಎನ್ನುವಷ್ಟರಲ್ಲಿ ಇವರು ಮೇಜಿನ ಮೇಲಿದ್ದ ಸ್ಟೀಲ್ ಡಬ್ಬಿಗೆ ಬಾರಿಸಿದರು. ಡಾಕ್ಟರು ಗಾಬರಿಯಾಗಿ ಎದೆಯ ಪರೀಕ್ಷೆಯನ್ನೆಲ್ಲ ಮಾಡಿಸಿದರು. ನೋವು ಇದ್ದದ್ದು ಎಡಗಡೆಯ ಕಿವಿಯಲ್ಲಿ.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಚಾನೆಲ್ಲಿನ ಹುಡುಗಿ ಬಂದಳು. ಹಳೆಯ ಕಾರ್ಯಕ್ರಮವನ್ನು ಇಂದಿನ ಜನಕ್ಕಾಗಿ ಮತ್ತೆ ಶುರು ಮಾಡುತ್ತಾರಂತೆ. ಯಜಮಾನರು ಒಳಗೆ ಓಡಿ, ಹಳೆಯ ಹೊಳೆಯುವ ಅಂಗಿ ತೊಟ್ಟು, ಹೊಟ್ಟೆಯನ್ನು ಉಸಿರಿನಲ್ಲಿ ಹಿಡಿದುಕೊಂಡು ಬಂದು ಕೂತರು.

"ಹೆಸರು ಸ್ವಲ್ಪ ಬದಲಾಗಿದೆ ಸರ್. 'ನಗಿಸು, ನಾವಿದ್ದೀವಿ' ಅಂತ. 'ನಡಿ' ಅನ್ನೋದು ಒಂಥರಾ ಕಠೋರ ಆಗುತ್ತೆ."

"ಆಗ್ಲಿ ಬಿಡಮ್ಮ. ಜಾಗಟೆ ಇದೇ ತಾನೆ?"

"ಜಾಗಟೆ ಇರುತ್ತೆ ಸರ್. ಆದ್ರೆ ಬಾರಿಸಲ್ಲ. ಸ್ಪರ್ಧಿಗಳ ಮನಸ್ಸಿಗೆ ಘಾಸಿಯಾಗುತ್ತೆ. ಹಿಂದೆ ಅಲಂಕಾರಕ್ಕೆ ಇಡ್ತೀವಿ. ಮುಂದೆ ದಿಂಬು ಕಟ್ತೀವಿ."

ಯಜಮಾನರು ಹಿಡಿದಿದ್ದ ಉಸಿರು ಬಿಟ್ಟರು. ಹೊಟ್ಟೆ ಸ್ವಸ್ಥಾನಕ್ಕೆ ಮರಳಿತು. "ದಿಂಬಾ? ಮತ್ತೆ ನಾನಲ್ಲಿ ಏನ್ ಮಾಡ್ಲಿ, ಮಲಕ್ಕೊಳ್ಲಾ?"

ಹುಡುಗಿಗೂ ಅದು ಗೊತ್ತಿರಲಿಲ್ಲ. ಮಾತು ತೇಲಿಸಲು, ಟೀ ತಂದ ಢಣ್ಣಕ್ಕನ ಕಡೆ ತಿರುಗಿ, "ಆಂಟಿ, ನೀವು ಆ ಶೋ ನೋಡ್ತಿದ್ರಾ?" ಎಂದಳು.

"ನೋಡೋದೇನು, ಇವಳು ನನ್ನ ಗಿರಾಕಿ!" ಎಂದು ಯಜಮಾನರು ತೊಡೆ ತಟ್ಟಿದರು. "ಹನ್ನೊಂದು ಸೆಕೆಂಡ್! ಇಳಿಸಿಬಿಟ್ಟೆ!"

ಹುಡುಗಿಯ ಕಣ್ಣು ಬಲ್ಬಿನಂತಾಯಿತು. ಬಾರಿಸಿದವನು, ಬಾರಿಸಿಕೊಂಡವಳು, ಒಂದೇ ಮನೆ, ಮೂವತ್ತನಾಲ್ಕು ವರ್ಷ! "ಆಂಟಿ, ನಿಮಗೆ ಎರಡನೇ ಅವಕಾಶ ಕೊಡ್ತೀವಿ. ಇಡೀ ಎಪಿಸೋಡು ನಿಮ್ದೇ."

"ಎಪಿಸೋಡು ಬೇಡಮ್ಮ, ಮೂರು ನಿಮಿಷ ಸಾಕು. ಪೂರ್ತಿ ಮೂರು. ಮಧ್ಯ ಯಾರೂ ನಿಲ್ಲಿಸಬಾರದು."

"ನಮ್ಮ ಶೋನಲ್ಲಿ ಈಗ ಯಾರೂ ಯಾರನ್ನೂ ನಿಲ್ಲಿಸಲ್ಲ ಆಂಟಿ," ಎಂದು ಹುಡುಗಿ ಅವಳ ಕೈ ಹಿಡಿದಳು. ಢಣ್ಣಕ್ಕನಿಗೆ ಬೇರೇನೂ ಬೇಕಿರಲಿಲ್ಲ. ಒಡವೆ ಬೇಕಿರಲಿಲ್ಲ, ಗಂಡನ ಕ್ಷಮೆಯೂ ಬೇಕಿರಲಿಲ್ಲ. ಆ ನೂಲು ಸೂಜಿಯೊಳಗೆ ಹೋಗಿ, ಮಿಷನ್ನು ಓಡಿ, ಆಗ ನೋಡಿದ್ದ ಜನವೆಲ್ಲ ಕೊನೆಯವರೆಗೂ ನೋಡಿ ನಗಬೇಕು. ಅಷ್ಟೇ.

ಅಭ್ಯಾಸ ಬಚ್ಚಲಮನೆಯಲ್ಲಿ ನಡೆಯಿತು. ನರ್ಸಮ್ಮ ನಾಡಿ ನೋಡುವ ಗಡಿಯಾರ ಹಿಡಿದು ಬಕೆಟ್ ಬೋರಲು ಹಾಕಿ ಕೂರುತ್ತಿದ್ದಳು. ಯಜಮಾನರು ಬಾಗಿಲಾಚೆ ನಿಂತು ಬುದ್ಧಿ ಹೇಳುತ್ತಿದ್ದರು.

"ಆ ಸೂಜಿ ಪುರಾಣ ತೆಗಿ ಮಾರಾಯ್ತಿ! ನೇರ ಮಿಷನ್ನಿಂದ ಶುರು ಮಾಡು. ಜನ ಎದ್ದೋಗ್ತಾರೆ."

"ಸೂಜಿ ತೆಗೆದ್ರೆ ಕೊನೇಲಿ ನಗು ಎಲ್ಲಿಂದ ಬರುತ್ತೆ? ಅಷ್ಟು ಒದ್ದಾಡಿ ಪೋಣಿಸಿದ ನೂಲು ಮೊದಲ ಹೊಲಿಗೆಗೇ ಕಳಚಿಕೊಂಡಿರುತ್ತೆ. ಜಗಳದಲ್ಲಿ ಎರಡು ಮಿಷನ್ನೂ ಅದನ್ನ ನೋಡಿರಲ್ಲ. ಗಂಟೆಗಟ್ಟಲೆ ಕಿತ್ತಾಡಿ ಅಂಗಿ ಎತ್ತಿ ಹಿಡಿದ್ರೆ ತೋಳು ಒಂದ್ಕಡೆ, ಮೈ ಒಂದ್ಕಡೆ. ಅದೇ ಅಲ್ವಾ ತಮಾಷೆ?"



"ಓಹೋ. ಕೊನೆ ಹಂಗಿದ್ಯಾ?" ಎಂದರು ಯಜಮಾನರು. "ಇಷ್ಟು ವರ್ಷ ಹೇಳ್ಲೇ ಇಲ್ಲ ನೀನು."

ಒಳಗೆ ಢಣ್ಣಕ್ಕ ನರ್ಸಮ್ಮನ ಮುಖ ನೋಡಿದಳು. ನರ್ಸಮ್ಮ ನಲ್ಲಿ ನೋಡಿದಳು.

ಚಿತ್ರೀಕರಣದ ದಿನ ಢಣ್ಣಕ್ಕ ಸೀರೆಯ ಮೇಲೆ ತಾನೇ ಹೊಲಿದ ನೀಲಿ ಕೋಟು ಹಾಕಿಕೊಂಡು ಹೋದಳು. ಅಲಂಕಾರ ಮಾಡುವವಳು ಅದನ್ನು ಬಿಚ್ಚಿಸಿ, ಬಣ್ಣ ಹೋದ ಬೂದಿ ಕೋಟೊಂದನ್ನು ತೊಡಿಸಿದಳು. ತಲೆಗೆ ಏನೋ ಪುಡಿ ಉದುರಿಸಿ, ಇದ್ದ ನರೆಯ ಮೇಲೆ ಇನ್ನಷ್ಟು ನರೆ ತರಿಸಿದಳು. "ಹಿಂಗೇ ಚೆನ್ನಾಗಿ ಕಾಣುತ್ತೆ ಆಂಟಿ," ಎಂದಳು. ಯಾರಿಗೆ ಚೆನ್ನ ಎಂದು ಕೇಳುವಷ್ಟರಲ್ಲಿ ಕರೆ ಬಂತು.

ಲೈಟು ಬಿತ್ತು. ಅವಳು ಕಣ್ಣು ಕಿರಿದು ಮಾಡಿದಳು. ನೂಲು ಒದ್ದೆ ಮಾಡಿದಳು. ಕೈ ನಡುಗಿಸಿದಳು, ತಪ್ಪಿಸಿದಳು, ಸೂಜಿಯನ್ನು ಬೈಯುವಂತೆ ನೋಡಿದಳು. ಯಾರೋ ಒಬ್ಬರು ಕಿಸಕ್ಕೆಂದರು. ನೂಲು ಹೋಯಿತು! ಆಮೇಲೆ ಮುದುಕಿ ಮಿಷನ್ನು 'ಖಟಕ್ ಖಟಕ್, ನಮ್ಮ ಕಾಲದಲ್ಲಿ, ಖಟಕ್' ಎಂದು ಗೊಣಗಿತು. ಹೊಸಬಳು 'ಝುಯ್ಯ್ಯ್, ಸರೀರಿ ಆಚೆ' ಎಂದು ಹಾರಿ ಬಿದ್ದಳು. ಸಭೆ ಉರುಳಾಡಿತು. ಲೈಟು ಹಿಡಿದವನು ನಕ್ಕ ಹೊಡೆತಕ್ಕೆ ಬೆಳಕೇ ಕುಲುಕಿತು. ತೋಳು ಕಳಚಿ ಬಿದ್ದಾಗಂತೂ ಮುಂದಿನ ಸಾಲಿನ ಹೆಂಗಸೊಬ್ಬಳು ಗಂಡನ ಬೆನ್ನಿಗೆ ಗುದ್ದಿ ಗುದ್ದಿ ನಕ್ಕಳು. ಮೂರು ನಿಮಿಷ, ಪೂರ್ತಿ. ಢಣ್ಣಕ್ಕ ಹುಟ್ಟಿದ ಮೇಲೆ ಮೊದಲ ಬಾರಿ ಒಂದು ಮಾತನ್ನು ಕೊನೆ ಮುಟ್ಟಿಸಿದ್ದಳು.

ತೀರ್ಪುಗಾರ್ತಿ ಮಾತ್ರ ಎದೆಯ ಮೇಲೆ ಕೈ ಇಟ್ಟುಕೊಂಡು, "ಅಮ್ಮಾ, ಇಷ್ಟು ವರ್ಷ ಈ ನೋವನ್ನ ಹೇಗೆ ನುಂಗಿದ್ರಿ?" ಎಂದು ಕೇಳಿದಳು.

"ಯಾವ ನೋವಮ್ಮ? ಐಟಂ ಹೆಂಗಿತ್ತು?"

"ನೋಡಿ, ನೋವನ್ನ ಹೇಗೆ ಮುಚ್ಚಿಡ್ತಾರೆ," ಎಂದು ತೀರ್ಪುಗಾರ್ತಿ ಕಣ್ಣೊರೆಸಿಕೊಂಡಳು. ಯಜಮಾನರನ್ನು ವೇದಿಕೆಗೆ ಕರೆದರು. ಅವರು ಬಂದು, ದಿಂಬು ಕಟ್ಟಿದ್ದ ಜಾಗಟೆಯನ್ನೊಮ್ಮೆ ನೋಡಿ, ಗೋಳೋ ಎಂದು ಅತ್ತರು. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಆ ಅಳು ಯಾರಿಗಾಗಿ ಎಂದು ಗೊತ್ತಿತ್ತು. ಜಾಗಟೆಯ ಕಂಚಿಗಾಗಿ. ಸಭೆಗೆ ಗೊತ್ತಿರಲಿಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟಿತು.

ಭಾನುವಾರ ಸಂಜೆ ಏಳಕ್ಕೆ ಪ್ರಸಾರ. ಢಣ್ಣಕ್ಕ ಬೀದಿಯನ್ನೆಲ್ಲ ಮನೆಗೆ ಕರೆದಳು. ನರ್ಸಮ್ಮ ಡ್ಯೂಟಿ ಬದಲಾಯಿಸಿಕೊಂಡು ಬಂದಳು. ಚಕ್ಕುಲಿಗಿಕ್ಕುಲಿ ಏನೂ ಇಲ್ಲ, ಬರೀ ಟೀ. "ಸುಮ್ನಿರಿ, ಸುಮ್ನಿರಿ, ಮಿಷನ್ನು ಈಗ ಶುರು ಆಗುತ್ತೆ," ಎಂದು ಅವಳು ತುದಿಗಾಲಲ್ಲಿ ನಿಂತಿದ್ದಳು.

ಟೀವಿಯಲ್ಲಿ ಬೂದಿ ಕೋಟಿನ ಮುದುಕಿಯೊಬ್ಬಳು ಬಂದಳು. ಸೂಜಿ ಎತ್ತಿದಳು. ನಡುಗುವ ಕೈ ತೆರೆಯ ತುಂಬ ಕಂಡಿತು. ಹಿಂದಿನಿಂದ ಪಿಟೀಲು ಕುಯ್ಯೆಂದಿತು. ನೂಲು ಇನ್ನೇನು ಸೂಜಿಯ ಕಣ್ಣಿಗೆ… ತೆರೆಯ ಮೇಲೆ ಯಜಮಾನರ ಮುಖ. ಅತ್ತರು. ಜಾಹೀರಾತು. ಮತ್ತೆ ಅತ್ತರು. ತೀರ್ಪುಗಾರ್ತಿ ಅತ್ತಳು. ಸಭೆ ಎದ್ದು ನಿಂತಿತು. ಮುಗಿಯಿತು. ಮುದುಕಿಯೂ ಇಲ್ಲ, ಹೊಸಬಳೂ ಇಲ್ಲ, ಕಳಚಿದ ತೋಳೂ ಇಲ್ಲ.

"ಎಷ್ಟಾಯ್ತು?" ಎಂದು ಢಣ್ಣಕ್ಕ ಕೇಳಿದಳು.

ನರ್ಸಮ್ಮ ಗಡಿಯಾರ ನೋಡಿದಳು. "ಒಂಬತ್ತು ಸೆಕೆಂಡು."

"ನೋಡಿದ್ಯಾ? ನಾನು ಎರಡು ಸೆಕೆಂಡು ಜಾಸ್ತಿ ಕೊಟ್ಟಿದ್ದೆ," ಎಂದರು ಯಜಮಾನರು.

ಅವಳು ಚಾನೆಲ್ಲಿನ ಹುಡುಗಿಗೆ ಫೋನು ಮಾಡಿದಳು. "ಆಂಟಿ, ಸೂಪರ್! ಎಲ್ಲರೂ ಅಳ್ತಿದ್ದಾರೆ! ಆ ಮಿಷನ್ ಭಾಗ ತುಂಬಾ ಚೆನ್ನಾಗಿತ್ತು. ಆದ್ರೆ ಜನ ನಕ್ಕುಬಿಟ್ರೆ ಅಳು ಒಡೆದುಹೋಗುತ್ತೆ ಅಂತ ಮೇಲಿನವರು ತೆಗೆಸಿದ್ರು. ಅಂಕಲ್‌ಗೆ ಫೋನ್ ಕೊಡ್ತೀರಾ? ಅವರನ್ನ ಪ್ರತಿ ವಾರ ಕೂರಿಸ್ಬೇಕು ಅಂತಿದೀವಿ, ತುಂಬಾ ಸಹಜವಾಗಿ ಅಳ್ತಾರೆ."

ಫೋನು ಯಜಮಾನರ ಕೈಗೆ ಹೋಯಿತು. ಅವರು ಹೊಟ್ಟೆಯನ್ನು ಮತ್ತೆ ಉಸಿರಿನಲ್ಲಿ ಹಿಡಿದುಕೊಂಡು ಎದ್ದು ನಿಂತೇ ಮಾತಾಡಿದರು.

ಹಜಾರದ ತುಂಬ ಜನ ಮೂಗು ಒರೆಸಿಕೊಳ್ಳುತ್ತಿದ್ದರು. ಹಾಳಾಗಿ ಹೋಗಲಿ ಆ ಟೀವಿ, ಇಲ್ಲೇ ಇದ್ದಾರಲ್ಲ ಬೀದಿಯವರೆಲ್ಲ! ಢಣ್ಣಕ್ಕ ಟೀವಿಯನ್ನು ಮರೆಮಾಡಿ ನಿಂತಳು. "ಅಳಬೇಡ್ರೀ, ಪೂರ್ತಿ ನಾನೇ ಮಾಡಿ ತೋರಿಸ್ತೀನಿ. ಇದು ತಮಾಷೆ ಐಟಂ. ನಗಬೇಕು. ಆಯ್ತಾ?"

ಕಣ್ಣು ಕಿರಿದು ಮಾಡಿ, ನೂಲು ಒದ್ದೆ ಮಾಡಿ, ಕೈ ನಡುಗಿಸಿದಳು.

"ಅಯ್ಯೋ, ಕೈ ನೋಡ್ರೀ ಪಾಪ," ಎಂದಳು ಎದುರು ಮನೆಯವಳು. ಖಟಕ್ ಖಟಕ್ ಎಂದಾಗ ಪಕ್ಕದ ಮನೆಯ ಮೇಷ್ಟ್ರು ಕನ್ನಡಕ ತೆಗೆದರು. ಝುಯ್ಯ್ ಎಂದಾಗ ಯಾರೋ ಬಿಕ್ಕಿದರು. ಬಚ್ಚಲಮನೆಯಲ್ಲಿ ಬಕೆಟ್ಟಿನಿಂದ ಜಾರಿ ಬೀಳುವಷ್ಟು ನಗುತ್ತಿದ್ದ ನರ್ಸಮ್ಮನೇ ಎದ್ದು ಬಂದು ಅವಳನ್ನು ಅಪ್ಪಿಕೊಂಡಳು. "ಸಾಕಮ್ಮ. ಆಯಾಸ ಮಾಡ್ಕೋಬೇಡಿ. ನಮಗೆ ಅರ್ಥ ಆಗುತ್ತೆ."

"ನರ್ಸಮ್ಮಾ, ತೋಳು ಇನ್ನೂ ಬಿದ್ದಿಲ್ಲ."

"ಗೊತ್ತಮ್ಮ, ಗೊತ್ತು," ಎಂದು ನರ್ಸಮ್ಮ ಬೆನ್ನು ಸವರಿದಳು, ಆಸ್ಪತ್ರೆಯಲ್ಲಿ ಸವರುವ ಹಾಗೆ.

ಎಲ್ಲರೂ ಒಬ್ಬೊಬ್ಬರಾಗಿ ಬಂದು ಅವಳ ಕೈ ಒತ್ತಿ ಹೊರಟರು. ಇನ್ನು ಈ ಬೀದಿಯಲ್ಲಿ ಅವಳು ಬಾಯಿ ತೆಗೆದರೆ ಯಾರೂ ನಿಲ್ಲಿಸುವುದಿಲ್ಲ, ಯಾರೂ ನಗುವುದೂ ಇಲ್ಲ ಎಂಬುದು ಅವಳಿಗೆ ಬಾಗಿಲು ಹಾಕುವಾಗ ಸ್ಪಷ್ಟವಾಗಿ ತಿಳಿಯಿತು.

ಯಜಮಾನರು ಕನ್ನಡಿಯ ಮುಂದಿದ್ದರು. "ಲೇ, ಇವಳೇ, ಬಂದು ನೋಡೇ. ಎಡಗಡೆ ತಿರುಗಿ ಅತ್ರೆ ಚೆನ್ನಾಗಿ ಕಾಣ್ತೀನಾ, ಬಲಗಡೆ ತಿರುಗಿ ಅತ್ರಾ?"

ಅವಳು ಅಡುಗೆಮನೆಗೆ ಹೋಗಿ ತೋಳು ಮಡಿಸಿಕೊಂಡು ನಲ್ಲಿ ತಿರುಗಿಸಿದಳು. ತೊಟ್ಟಿಯಲ್ಲಿ ಹದಿನಾಲ್ಕು ಲೋಟ ಬಿದ್ದಿದ್ದವು. ಒಂದರ ತಳದಲ್ಲಿ ಸಕ್ಕರೆ ಕರಗದೆ ಗಟ್ಟಿಯಾಗಿ ಕೂತಿತ್ತು. ಅದಕ್ಕೆ ಬಿಸಿನೀರು ಹಾಕಿ ನೆನೆಯಲು ಪಕ್ಕಕ್ಕಿಟ್ಟು, ಮುಂದಿನ ಲೋಟ ತೊಳೆದಳು.